ಹೆದರಿಕೆ ತಾಳುವ ಪಾಯ

ಆ ಊರಿನಲ್ಲಿ ಯಾರೂ ಯಾರನ್ನೂ ಹಿಂದಿನಿಂದ ಕೂಗಿ ಕರೆಯುವುದಿಲ್ಲ. ಬಳಸಿಕೊಂಡು ಮುಂದೆ ಬಂದು, ಕಣ್ಣಿಗೆ ಬಿದ್ದು, ಆಮೇಲೆ ಮಾತಾಡಿಸುತ್ತಾರೆ. ಬಾಗಿಲು ತಟ್ಟುವ ಮೊದಲು ಮೆಲ್ಲಗೆ ಕೆಮ್ಮುತ್ತಾರೆ. ಪಟಾಕಿ ಹೊಡೆಯುವುದಿಲ್ಲ, ಮಕ್ಕಳಿಗೆ ಗುಮ್ಮನ ಕಥೆ ಹೇಳುವುದಿಲ್ಲ. ಸಾವಿನ ಸುದ್ದಿ ಮುಟ್ಟಿಸಬೇಕಾದರೆ ಇಬ್ಬರು ಅಗಲವಾದ ಹಲಗೆ ಹೊತ್ತು ಆ ಮನೆಗೆ ಹೋಗುತ್ತಾರೆ. ಮನೆಯವರನ್ನು ಅದರ ಮೇಲೆ ಕೂರಿಸುತ್ತಾರೆ. ಅವರು ಕೂತಾಗಲೇ ಅರ್ಧ ತಿಳಿದುಕೊಂಡಿರುತ್ತಾರೆ, ಉಳಿದರ್ಧವನ್ನು ಇವರು ಹೇಳುತ್ತಾರೆ.

ನಾನು ಮಣ್ಣು ಪರೀಕ್ಷೆ ಮಾಡುವವಳು. ಕಟ್ಟಡ ಕಟ್ಟುವ ಮೊದಲು ನೆಲ ಕೊರೆದು, ಒಳಗೆ ಎಂಥ ಮಣ್ಣಿದೆ, ಎಷ್ಟು ಭಾರ ಹೊರುತ್ತದೆ, ಪಾಯ ಎಷ್ಟು ಆಳಕ್ಕೆ ಹೋಗಬೇಕು ಎಂದು ಹೇಳುವುದು ನನ್ನ ಕೆಲಸ. ಆ ಊರಿಗೆ ಒಂದು ಆಸ್ಪತ್ರೆ ಬೇಕಾಗಿತ್ತು. ನಾನೂ, ಬಹಳ ವರ್ಷ ನನ್ನ ಜೊತೆ ಬೋರು ಕೊರೆದಿದ್ದ ದಸ್ತಗೀರನೂ ಸಾಮಾನಿನ ಲಾರಿಯಲ್ಲಿ ಹೋದೆವು. ಊರ ಹೊರಗೇ ಹಿರಿಯರಾದ ಅಪ್ಪಾಸಾಹೇಬರು ನಮಗಾಗಿ ನಿಂತಿದ್ದರು. ಮೊದಲು ಡ್ರೈವರಿಗೆ ಹೇಳಿ ಲಾರಿಯ ಹಾರನ್ನಿನ ತಂತಿ ಕಿತ್ತಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದ ಮಾತು ಬಾಯಾರ. ಇಲ್ಲಿ ಹೆದರಬಾರದು. ಹೆದರಿದವರ ಕಾಲ ಕೆಳಗ ನಮ್ಮ ನೆಲ ನಿಲ್ಲೂದಿಲ್ಲ. ಇಷ್ಟ ನೆನಪಿಟ್ಟರ ಸಾಕು, ಉಳಿದದ್ದೆಲ್ಲಾ ನಾವು ನೋಡ್ಕೋತೀವಿ."

ಸ್ನಾನದ ಮನೆ ಎಲ್ಲಿದೆ ಎಂದು ತೋರಿಸುವ ಹಾಗೆ ಹೇಳಿದರು. ನಾನು ತಲೆಯಾಡಿಸಿದೆ. ಹೋದ ಕಡೆಯೆಲ್ಲ ಜನ ತಮ್ಮ ಮಣ್ಣಿನ ಬಗ್ಗೆ ಏನಾದರೂ ಹೇಳುತ್ತಾರೆ. ಕೆಲವರು ಕೆಳಗೆ ಹಾವಿದೆ ಅನ್ನುತ್ತಾರೆ, ಕೆಲವರು ಬಂಗಾರವಿದೆ ಅನ್ನುತ್ತಾರೆ. ಇದನ್ನೂ ಅಂಥದ್ದೇ ಅಂದುಕೊಂಡೆ.

ಆಸ್ಪತ್ರೆಗೆ ಗೊತ್ತು ಮಾಡಿದ್ದ ಜಾಗ ಊರ ನಡುವಿನ ಬಯಲು. ಅದರ ಒಂದು ಅಂಚಿನಲ್ಲಿ ಕೋಣೆಯಷ್ಟು ದೊಡ್ಡ ಮರದ ಅಟ್ಟಣೆಯಿತ್ತು. ದಪ್ಪ ತೊಲೆಗಳನ್ನು ನೆಲದ ಮೇಲೆ ಹಾಸಿ, ಮೇಲೆ ಹಲಗೆ ಬಡಿದು, ತಗಡಿನ ಮಾಡು ಹಾಕಿದ್ದರು. ಅದರ ಮೇಲೆ ಒಲೆ, ಹಾಸಿಗೆ, ನೀರಿನ ಕೊಡ ಎಲ್ಲ ಇದ್ದವು. ತುಂಗವ್ವ ಎಂಬ ಐವತ್ತರ ಹೆಂಗಸು ಅಲ್ಲಿ ಒಬ್ಬಳೇ ಇದ್ದಳು. ನಾವು ಬೋರಿನ ಮೂರು ಕಾಲಿನ ಟ್ರೈಪಾಡು ನಿಲ್ಲಿಸುವುದನ್ನು ನೋಡುತ್ತಾ ಕೂತಳು. ಒಂದು ಸಲವೂ ಕೆಳಗಿಳಿಯಲಿಲ್ಲ. ಯಾರೋ ಬಂದು ಅವಳಿಗೆ ರೊಟ್ಟಿ ಕೊಟ್ಟು ಹೋದರು.

ನಮ್ಮ ಪರೀಕ್ಷೆ ನೋಡುವವರಿಗೆ ಸರಳ. ಕೊರೆದ ತೂತಿನೊಳಗೆ ಕಬ್ಬಿಣದ ರಾಡು ಇಳಿಸಿ, ಅದರ ತಲೆಯ ಮೇಲೆ ಭಾರದ ಸುತ್ತಿಗೆಯನ್ನು ಹಗ್ಗದಿಂದ ಎತ್ತಿ ಬಿಡುತ್ತೇವೆ. ರಾಡು ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತೇವೆ. ಪೆಟ್ಟು ಹೆಚ್ಚಾದಷ್ಟೂ ಮಣ್ಣು ಗಟ್ಟಿ. ಪೆಟ್ಟು ಬೀಳುವ ಮುಂಚೆ ಒಬ್ಬ ಓಣಿ ಓಣಿ ತಿರುಗಿ "ಸದ್ದಾಗತೈತ್ರಿ, ಏನಿಲ್ಲ, ಮಣ್ಣ ನೋಡ್ತಾರ" ಎಂದು ಹೇಳಿಬಂದ. ಮೊದಲ ದಿನ ಸಿಕ್ಕಿದ್ದು ಒಳ್ಳೆಯ ಗಟ್ಟಿ ಕೆಂಪು ಮಣ್ಣು. ಮೂವತ್ತು ಪೆಟ್ಟಿಗೂ ಸುಲಭವಾಗಿ ಬಗ್ಗುತ್ತಿರಲಿಲ್ಲ. ಇದರ ಮೇಲೆ ಮೂರಂತಸ್ತು ಕಟ್ಟಬಹುದು ಎಂದು ದಸ್ತಗೀರ ನಕ್ಕ.

ಮಾರನೆಯ ದಿನ ಹಗ್ಗ ಜಾರಿತು. ಸುತ್ತಿಗೆ ದಸ್ತಗೀರನ ಕಾಲಿನ ಪಕ್ಕಕ್ಕೆ, ಕಿರುಬೆರಳು ತಾಕುವಷ್ಟು ಹತ್ತಿರಕ್ಕೆ ಬಿತ್ತು. ಅವನು "ಯಾ ಅಲ್ಲಾ" ಎಂದು ಹಿಂದಕ್ಕೆ ನೆಗೆದ. ನೆಗೆದು ನಿಂತ ಕಡೆ ಅವನ ಪಾದ ಕಾಣಲಿಲ್ಲ. ಅಷ್ಟು ಗಟ್ಟಿಯಾಗಿದ್ದ ನೆಲ ಅವನ ಸುತ್ತ ಅಂಬಲಿಯ ಹಾಗೆ ಅಲುಗುತ್ತಿತ್ತು. ಅದನ್ನು ನೋಡಿ ಅವನು ಇನ್ನೂ ಹೆದರಿದ, ಮೊಣಕಾಲವರೆಗೆ ಇಳಿದ. ತೂತಿನಲ್ಲಿದ್ದ ರಾಡು, ಯಾರೂ ಹೊಡೆಯದಿದ್ದರೂ, ತಾನಾಗಿ ಸರ್ರನೆ ಒಳಗೆ ಹೋಯಿತು.

ಬಯಲಿನಲ್ಲಿದ್ದವರು ಓಡಲಿಲ್ಲ. ಬೇಗ ಬೇಗ ನಡೆದು ಬಂದರು. ಹಲಗೆಗಳನ್ನು ತಳ್ಳಿ, ಕಂಕುಳಿಗೆ ಕೈಹಾಕಿ ಅವನನ್ನು ಎತ್ತಿದರು. ಅಪ್ಪಾಸಾಹೇಬರು ಅವನ ಮುಖದ ಮುಂದೆ ಕೂತು, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುವಂತೆ ಕೇಳಿದರು, "ನಿಮ್ಮ ಕಡೆ ಬದನಿಕಾಯಿ ಪಲ್ಯಾಕ್ಕ ಶೇಂಗಾ ಪುಡಿ ಹಾಕ್ತಾರೇನ್ರಿ?"

ದಸ್ತಗೀರ ಬಾಯಿ ತೆರೆದು ಅವರನ್ನೇ ನೋಡಿದ. "ಇಲ್ಲ," ಎಂದ. "ತೆಂಗಿನಕಾಯಿ."

"ತೆಂಗಿನಕಾಯಿ! ಉಳ್ಳಾಗಡ್ಡಿ?"

ಅವನು ಉತ್ತರ ಕೊಡುತ್ತಾ ಹೋದ ಹಾಗೆ ನೆಲ ಬಿಗಿಯಿತು. ಅವನ ಕಾಲು ಹೂತಿದ್ದ ಎರಡು ಗುಂಡಿ ಇಟ್ಟಿಗೆಯಷ್ಟು ಗಟ್ಟಿಯಾಗಿ, ಅಚ್ಚೊತ್ತಿದಂತೆ ಉಳಿದವು. ನಾನು ಅದರೊಳಗೆ ಬೆರಳಿಟ್ಟು ನೋಡಿದೆ. ಆಗ ನನ್ನ ಹಿಮ್ಮಡಿಯ ಕೆಳಗೂ ನೆಲ ಸ್ವಲ್ಪ ಮೆತ್ತಗಾಯಿತು. ಯಾರೋ ನನ್ನ ಮೊಣಕೈ ಹಿಡಿದು ಹಲಗೆಗೆ ಹತ್ತಿಸಿದರು.

ಆ ಸಂಜೆ ಅಪ್ಪಾಸಾಹೇಬರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ನಾನು ಕೇಳಿದೆ, "ಇಂಥ ನೆಲದ ಮೇಲೆ ಆಸ್ಪತ್ರೆ ಯಾಕೆ? ಆಸ್ಪತ್ರೆಗೆ ಬರುವವರೆಲ್ಲ ಹೆದರಿಕೊಂಡೇ ಬರುತ್ತಾರಲ್ಲ."

"ಅದಕ್ಕ ಕೇಳಾಕತ್ತೀವಿ," ಎಂದರು. ಹಳ್ಳದಾಚೆ ಬಂಡೆಗಲ್ಲಿನ ದಿಬ್ಬವಿದೆ, ಅಲ್ಲಿ ಹೆದರಿದರೂ ಕಾಲು ಹೂಳುವುದಿಲ್ಲ, ಕಾಯಿಲೆಯವರನ್ನು ಗಾಡಿಯಲ್ಲಿ ಅಲ್ಲಿಗೆ ಸಾಗಿಸುತ್ತಾರೆ, ದಾರಿಯುದ್ದಕ್ಕೂ ನಿನಗೆ ಏನೂ ಆಗಿಲ್ಲ ಎನ್ನುತ್ತಲೇ ಇರಬೇಕು ಎಂದು ಹೇಳಿದರು. ಚಹಾದ ಬಸಿಯನ್ನು ಕೆಳಗಿಟ್ಟರು. "ನನ್ನ ಹೇಣ್ತಿನ್ನೂ ಹಂಗ ಕರಕೊಂಡು ಹ್ವಾದ್ನಿ. ಆಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ರೂ ನಕ್ಕೋತ ಹ್ವಾದ್ವಿ. ಹಳ್ಳ ದಾಟೂದರಾಗ ಆಕಿ ನಗೂದು ನಿಂತಿತ್ತು."

ಆಮೇಲೆ ಕೆಳಗಿನ ಓಣಿಯ ಸಂಗತಿ ಹೇಳಿದರು. ಒಂದು ಮನೆಯಲ್ಲಿ ಅಡಿಗೆಯ ಬೆಂಕಿ ಮಾಡಿಗೆ ಹತ್ತಿ ಒಬ್ಬಳು ಚೀರಿದಳಂತೆ. ನೆಲ ಅವಳನ್ನು ನುಂಗುವುದನ್ನು ಪಕ್ಕದ ಮನೆಯವರು ಕಂಡರು, ಅವರು ಇಳಿಯುವುದನ್ನು ಅವರ ಪಕ್ಕದವರು ಕಂಡರು. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ದಾಟುತ್ತಾ ಓಣಿಯ ಕೊನೆ ಮುಟ್ಟಿತು. ಇಡೀ ಓಣಿ ನೆಲದೊಳಗೆ ಹೋಗಲು ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು ಸಾಕಾಯಿತಂತೆ. ನಾನು ಟ್ರೈಪಾಡು ನಿಲ್ಲಿಸಿದ್ದ ಆ ಬಯಲೇ ಕೆಳಗಿನ ಓಣಿ. ತುಂಗವ್ವ ಆ ಓಣಿಯಲ್ಲಿ ಉಳಿದ ಒಬ್ಬಳು. ಅವತ್ತು ಹಿಟ್ಟು ಬೀಸಿಸಲು ಮೇಲಿನ ಓಣಿಗೆ ಹೋಗಿದ್ದಳು. ಗಂಡ, ಅತ್ತೆ, ಎಮ್ಮೆ, ಮನೆ ಎಲ್ಲ ಕೆಳಗೇ ಇದ್ದವು. ಅವತ್ತಿನಿಂದ ಅವಳ ಹೆದರಿಕೆ ಹೋಗಿಲ್ಲ, ಅವಳು ಕಾಲಿಟ್ಟಲ್ಲಿ ನೆಲ ನಿಲ್ಲುವುದಿಲ್ಲ. ಅದಕ್ಕೇ ಊರವರು ಅವಳಿಗೆ ಅಟ್ಟಣೆ ಕಟ್ಟಿಕೊಟ್ಟಿದ್ದರು.

ನಾನು ನನ್ನ ಲೆಕ್ಕ ಹೇಳಿದೆ. ಹೆದರಿಕೆ ನೆಲವನ್ನು ಎಷ್ಟು ಆಳದವರೆಗೆ ಮೆತ್ತಗೆ ಮಾಡುತ್ತದೆ ಎಂಬುದು ತಿಳಿಯಬೇಕು. ಅದರ ಕೆಳಗೆ ಕದಲದ ಪದರ ಒಂದಿದ್ದರೆ ಅಲ್ಲಿಯವರೆಗೆ ಕಾಂಕ್ರೀಟಿನ ಪೈಲು, ಅಂದರೆ ಉದ್ದನೆಯ ಕಂಬ, ಇಳಿಸಿ, ಅದರ ಮೇಲೆ ಕಟ್ಟಡವನ್ನು ಎತ್ತಿ ನಿಲ್ಲಿಸಬಹುದು. ಆದರೆ ಅದನ್ನು ಅಳೆಯಬೇಕಾದರೆ, ರಾಡು ಇಳಿಯುತ್ತಿರುವಾಗ ಪಕ್ಕದಲ್ಲಿ ನಿಜವಾಗಿ ಹೆದರಿದವರು ಒಬ್ಬರು ನಿಂತಿರಬೇಕು.

ಅಪ್ಪಾಸಾಹೇಬರು ನನ್ನನ್ನು ನೋಡಲಿಲ್ಲ. "ತುಂಗವ್ವ ಅದಾಳಲ್ರಿ," ಎಂದರು.

ಬೆಳಿಗ್ಗೆ ನಾನು ಅಟ್ಟಣೆಗೆ ಹತ್ತಿದೆ. ಅಷ್ಟರಲ್ಲಿ ಸುದ್ದಿ ಅವಳಿಗೆ ಮುಟ್ಟಿತ್ತು. ಕುಸುಬಿ ಹಸನು ಮಾಡುತ್ತಿದ್ದ ಮೊರ ಮಗುಚಿಬಿದ್ದು ಕಾಳೆಲ್ಲ ಹಲಗೆಯ ಮೇಲೆ ಚೆಲ್ಲಿತ್ತು.

"ನನ್ನ ಕೆಳಗ ಇಳಸ್ತೀರಂತ?"

"ಇಲ್ಲ ತುಂಗವ್ವ. ನಿಮ್ಮನ್ನು ಇಳಿಸಲ್ಲ."

"ಮತ್ತ ಯಾರನ್ನ ಇಳಸ್ತೀರಿ?"

ಆ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪಾಯದ ಗುಂಡಿಯ ಗೋಡೆ ಕುಸಿದು ನಾನು ಎದೆಯವರೆಗೆ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದೆ. ತೆಗೆದರು, ಬದುಕಿದೆ. ಆದರೆ ಅಲ್ಲಿಂದ ಈಚೆಗೆ ನಾನು ಗುಂಡಿಗೆ ಇಳಿದಿಲ್ಲ. ಇಳಿಯಬೇಕಾದ ಕಡೆ ದಸ್ತಗೀರ ಇಳಿಯುತ್ತಾನೆ, ನಾನು ಅಂಚಿನಿಂದ ಮಾರು ದೂರ ನಿಂತು ಕೇಳಿ ಬರೆದುಕೊಳ್ಳುತ್ತೇನೆ. ಗುಂಡಿಯೆಂದರೆ ನನಗೆ ಹೆದರಿಕೆಯನ್ನು ನಟಿಸಬೇಕಾಗಿಯೇ ಇಲ್ಲ.

"ನಾನೇ ಇಳಿಯುತ್ತೇನೆ," ಎಂದೆ.

ಬೋರಿನ ಪಕ್ಕದಲ್ಲಿ ಒಂದೂವರೆ ಆಳು ಆಳದ ಗುಂಡಿ ತೋಡಿದರು. ನನ್ನ ಕಂಕುಳ ಕೆಳಗೆ ಹಗ್ಗ ಬಿಗಿದು, ಅದರ ತುದಿಯನ್ನು ಅಪ್ಪಾಸಾಹೇಬರೂ ಊರಿನ ಗಟ್ಟಿ ಆಳುಗಳೂ ಹಿಡಿದರು. ಹಲಗೆಗಳ ಮೇಲೆ ಎಲ್ಲರಿಗೂ ಜಾಗ ಸಾಲದೆ ಕೆಲವರು ಬರೀ ನೆಲದ ಮೇಲೆ ನಿಂತರು. ದಸ್ತಗೀರನಿಗೆ ಒಂದೇ ಮಾತು ಹೇಳಿದ್ದೆ: ಏನೇ ಆಗಲಿ, ಏನೇ ಕೇಳಿಸಲಿ, ಹೊಡೆಯುವುದನ್ನು ನಿಲ್ಲಿಸಬೇಡ. ಅವನು "ಆಗಲಿ ಮೇಡಂ" ಎಂದವನು ಮುಖ ಆಚೆ ತಿರುಗಿಸಿಕೊಂಡ.

ಏಣಿಯ ಕೊನೆಯ ಮೆಟ್ಟಿಲು ಬಿಟ್ಟಾಗ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಆ ವಾಸನೆಯಲ್ಲೇ ಅನ್ನ ತಿಂದವಳು ನಾನು. ಆದರೂ ಗುಂಡಿಯ ಒಳಗೆ ನಿಂತವಳಿಗೆ ಅದು ಬೇರೆಯೇ. ಆಕಾಶ ಒಂದು ಚೌಕಟ್ಟಿನಷ್ಟಾಯಿತು. ಗೋಡೆಯಿಂದ ಒಂದು ಹೆಂಟೆ ಉದುರಿ ಭುಜಕ್ಕೆ ಬಿತ್ತು. ಅಷ್ಟೇ ಸಾಕಾಯಿತು. ಕಾಲ ಕೆಳಗಿನ ನೆಲ ಹಿಟ್ಟಿನಂತೆ ಕೂತಿತು.

ಮೇಲಿನಿಂದ ದಸ್ತಗೀರನ ಎಣಿಕೆ ಕೇಳುತ್ತಿತ್ತು. "ಇಪ್ಪತ್ತೆಂಟು." ಸ್ವಲ್ಪ ಹೊತ್ತಿಗೆ "ಒಂಬತ್ತು." ಆಮೇಲೆ "ಎರಡು." ಆಮೇಲೆ ಅವನ ದನಿ ಒಡೆಯಿತು. "ತಾನಾಗೇ ಇಳೀತಿದೆ ಮೇಡಂ. ಹೊಡೀದೇನೇ ಇಳೀತಿದೆ."

ನಾನು ತೊಡೆಯವರೆಗೆ ಇಳಿದಿದ್ದೆ. ಮಣ್ಣು ತಣ್ಣಗಿತ್ತು. ಅದು ಎಳೆಯುತ್ತಿರಲಿಲ್ಲ, ಸುಮ್ಮನೆ ದಾರಿ ಬಿಡುತ್ತಿತ್ತು. ಎಳೆದಿದ್ದರೆ ಎದುರು ಸೆಣಸಬಹುದಿತ್ತು. ಸೊಂಟದವರೆಗೆ ಬಂದಾಗ ಗುಂಡಿಯ ಗೋಡೆ ಹೊಟ್ಟೆ ಬಿಟ್ಟು ನನ್ನ ಕಡೆ ಉಬ್ಬಿತು. ನಾನು ಕಿರುಚಿದೆನೆಂದು ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

"ಬಾಯಾರ," ಅಪ್ಪಾಸಾಹೇಬರು ಮೇಲಿನಿಂದ ಕೇಳಿದರು, "ನಿಮ್ಮ ಮನ್ಯಾಗ ಹಬ್ಬಕ್ಕ ಏನು ಸಿಹಿ ಮಾಡ್ತೀರಿ?" ಅವರ ದನಿ ನಡುಗುತ್ತಿತ್ತು. ಆ ನಡುಕ ಕೇಳಿ ನಾನು ಇನ್ನಷ್ಟು ಇಳಿದೆ. ಮೇಲೆ ಯಾರೋ "ಯಪ್ಪಾ, ನನ್ನ ಕಾಲು" ಎಂದರು. ಹಗ್ಗ ಸಡಿಲವಾಯಿತು. ಬರೀ ನೆಲದ ಮೇಲೆ ನಿಂತಿದ್ದವರು ಇಳಿಯತೊಡಗಿದ್ದರು, ಅವರನ್ನು ಕಂಡು ಹಲಗೆಯವರ ಮುಖ ಬಿಳಿಚಿಕೊಂಡಿತ್ತು. ಅಪ್ಪಾಸಾಹೇಬರು ಒಂದೇ ಸಮನೆ ಹೇಳುತ್ತಿದ್ದರು, "ಹೆದರಬ್ಯಾಡ್ರಿ, ಹೆದರಬ್ಯಾಡ್ರಿ, ಏನಾಗಿಲ್ಲ." ಆ ಮಾತು ಕೇಳಿ ಕೇಳಿಯೇ ಎಲ್ಲರಿಗೂ ಏನೋ ಆಗಿದೆಯೆಂದು ಖಾತ್ರಿಯಾಗುತ್ತಿತ್ತು. ಆ ಓಣಿ ಹೋದದ್ದೂ ಹೀಗೆಯೇ ಎಂದು ನನಗೆ ಆಗ ಅರ್ಥವಾಯಿತು.

ಅಷ್ಟರಲ್ಲಿ ಅಟ್ಟಣೆಯಿಂದ ಹೆಣ್ಣು ದನಿಯೊಂದು ಬಂತು. "ಹೆದರಿಕಿ ಬಂದೈತೇನ ತಂಗಿ?"

ಆ ಊರಿನಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಿಲ್ಲ. "ಹೂಂ," ಎಂದೆ. "ತುಂಬಾ."

"ಎಲ್ಲಿ ಬಂದೈತಿ? ಎದಿಯಾಗೋ, ಹೊಟ್ಟ್ಯಾಗೋ?"

"ಗಂಟಲಲ್ಲಿ."

"ನನಗ ಮೊಣಕಾಲಾಗ ಬರತೈತಿ. ಮುಂಜಾನಿ ಭಾಳ. ಹಾಸಿಗ್ಯಾಗಿಂದ ಏಳಾಕ ಬರೂದಿಲ್ಲ. ಹಂಗ ಕುಂತು ಅದನ್ನ ಮಾತಾಡಸ್ತೀನಿ. ಬಂದೀ ಏನವಾ, ಕುಂದರು ಅಂತೀನಿ." ಮತ್ತೆ ಹೇಳಿದಳು, "ಅದು ಹೋಗೂದಿಲ್ಲ ತಂಗಿ. ನಾ ಸುಳ್ಳ ಹೇಳೂದಿಲ್ಲ. ಖರೆ ನೀ ಒಬ್ಬಾಕಿನ ಅಲ್ಲ ಅಲ್ಲಿ. ನಾನೂ ಹೆದರೇನಿ."

ನಾನು ಅತ್ತುಬಿಟ್ಟೆ. ಹೆದರಿಕೆ ಹೋಗಲಿಲ್ಲ, ಆದರೆ ಅದು ಒಂದು ಕಡೆ ಕೂತಿತು. ಮೇಲೆ ಇಳಿಯುತ್ತಿದ್ದವರೂ ಅಲ್ಲಿಗೇ ನಿಂತರು, ಗದ್ದಲ ಅಡಗಿತು. ಆಗ ಸುತ್ತಿಗೆಯ ಸದ್ದು ಯಾವಾಗಲೋ ಬದಲಾಗಿದ್ದದ್ದು ಕೇಳಿತು. ಮೊದಲು ಮೆತ್ತಗೆ ಧಪ್ ಎನ್ನುತ್ತಿದ್ದದ್ದು ಖಣ್ ಎನ್ನುತ್ತಿತ್ತು. ಇನ್ನೊಮ್ಮೆ ಖಣ್.

"ಕಲ್ಲು ಮೇಡಂ!" ದಸ್ತಗೀರ ಕೂಗಿದ. "ಆಗಲಿಂದ ಹೊಡೀತಿದ್ದೀನಿ, ನೀವು ಕಿರುಚ್ತಿದ್ದಾಗಲೂ ಹೊಡೆದೆ. ಕೂದಲಷ್ಟೂ ಇಳೀತಿಲ್ಲ."

ಆ ಸಂತೋಷವೇ ನನ್ನನ್ನು ಸಿಕ್ಕಿಸಿತು. ನೆಲ ಒಮ್ಮೆಗೇ ಬಿಗಿಯಿತು. ಎದೆಯ ಕೆಳಗಿನದೆಲ್ಲ ಮಣ್ಣಿನ ಮುಷ್ಟಿಯಲ್ಲಿತ್ತು. ಹಗ್ಗ ಎಳೆದರು, ಪಕ್ಕೆಲುಬು ನೊಂದಿತೇ ಹೊರತು ನಾನು ಅಲುಗಲಿಲ್ಲ. ಹಾರೆ ಹಾಕಿದರು, ಹಾರೆ ಪುಟಿಯಿತು. ನನ್ನ ಪಕ್ಕದಲ್ಲಿ ಜೋರಾಗಿ ಹೊಡೆಯಲು ಅವರಿಗೆ ಧೈರ್ಯ ಸಾಲಲಿಲ್ಲ. ಹೊತ್ತೇರಿದ ಹಾಗೆ ಕಾಲು ಮರಗಟ್ಟಿತು, ಪೂರ್ತಿ ಉಸಿರೆಳೆದುಕೊಳ್ಳಲು ಜಾಗ ಸಾಲದಾಯಿತು. ಹೊರಗೆ ಬರಬೇಕಾದರೆ ನಾನು ಮತ್ತೆ ಹೆದರಬೇಕಿತ್ತು. ಹೆದರಿಕೆ ಬರಲಿಲ್ಲ. ಒಳಗೆಲ್ಲ ಬರಿದಾಗಿ ಬರೀ ಸುಸ್ತು ಉಳಿದಿತ್ತು. ಹಾಗೇ ಕಣ್ಣು ಮುಚ್ಚಿಬಿಡೋಣ ಎನ್ನಿಸುತ್ತಿತ್ತು.

ಊರವರು ನನ್ನನ್ನು ಹೆದರಿಸಲು ನೋಡಿದರು. ಹುಟ್ಟಿದಾಗಿನಿಂದ ಯಾರನ್ನೂ ಹೆದರಿಸದ ಜನ. ಒಬ್ಬ ಮೀಸೆಯವನು ಅಂಚಿಗೆ ಬಂದು, "ಹಾವು ಬಂತ್ರಿ" ಎಂದವನು, ಕೂಡಲೇ "ಸಣ್ಣದ್ರೀ, ಏನ್ ಮಾಡೂದಿಲ್ಲ" ಎಂದೂ ಸೇರಿಸಿದ. ನನಗೆ ನಗು ಬಂತು. ನಕ್ಕದ್ದಕ್ಕೆ ಮಣ್ಣು ಇನ್ನೊಂದು ಸುತ್ತು ಬಿಗಿಯಿತು. ಆಮೇಲೆ ನಗಲಿಕ್ಕೂ ಉಸಿರು ಉಳಿಯಲಿಲ್ಲ.

ಆಗ ಮೇಲೆ ಗುಜುಗುಜು ಎದ್ದಿತು. "ಬ್ಯಾಡ ತುಂಗವ್ವಾ" ಎಂದು ಒಬ್ಬರು, "ಹಲಗಿ ಹಾಕ್ರಿ" ಎಂದು ಇನ್ನೊಬ್ಬರು. ಅವಳು ಅಟ್ಟಣೆಯಿಂದ ಇಳಿದಿದ್ದಳು. ತನ್ನ ಮನೆ ಮುಳುಗಿದ ನೆಲದ ಮೇಲೆ, ಒಂದೊಂದು ಹೆಜ್ಜೆಗೂ ಪಾದದ ಗಂಟಿನವರೆಗೆ ಹೂತು, ಕಿತ್ತು, ಹೂತು, ಇಬ್ಬರ ಭುಜ ಹಿಡಿದು ಬಂದಳೆಂದು ಆಮೇಲೆ ಹೇಳಿದರು. ನನಗೆ ಕಂಡದ್ದು ಗುಂಡಿಯ ಬಾಯಲ್ಲಿ ಅವಳ ಮುಖ. ಹಲ್ಲು ಕಟಕಟ ಎನ್ನುತ್ತಿತ್ತು. ಅವಳಿಗೂ ಹಗ್ಗ ಕಟ್ಟಿ ಏಣಿಗೆ ಬಿಟ್ಟರು.

ಅವಳು ಬಂದು ನನ್ನನ್ನು ಅಪ್ಪಿಕೊಂಡಳು. ಅಷ್ಟು ನಡುಗುವ ಮೈಯನ್ನು ನಾನು ಮುಟ್ಟಿರಲಿಲ್ಲ. "ಕೆಳಗ ಅದಾರ ಅವ್ರು," ಎಂದು ಕಿವಿಯಲ್ಲಿ ಹೇಳಿದಳು. "ಇಲ್ಲೇ ಅದಾರ, ನಮ್ಮ ಕಾಲ ಬುಡಕ. ಅವರ ಮ್ಯಾಲೆ ನಿಂತೇನಿ." ಆ ಮಾತಿಗೆ ನನ್ನ ಕತ್ತಿನ ಹಿಂದೆ ಕೂದಲು ನಿಮಿರಿತು. ನಮ್ಮಿಬ್ಬರ ಸುತ್ತ ಮಣ್ಣು ಮೆಲ್ಲಗೆ ಕೈ ಬಿಟ್ಟಿತು.

"ಎಳೀರಿ!" ಎಂದಳು ಅವಳು.

ಎಳೆದರು. ನಾನು ಮೊದಲು ಬಂದೆ, ಅವಳ ಸೆರಗು ನನ್ನ ಮುಷ್ಟಿಯಲ್ಲಿತ್ತು. ಅವಳು ಮೊಣಕಾಲವರೆಗೆ ಹೂತಿದ್ದಳು, ಹಿಂದೆಯೇ ಬಂದಳು. ಒಂದು ಕಾಲುಂಗುರ ಕೆಳಗೇ ಉಳಿಯಿತು. ಹಲಗೆಯ ಮೇಲೆ ಇಬ್ಬರನ್ನೂ ಮಲಗಿಸಿದಾಗ ಅವಳು ಬರಿದಾದ ಬೆರಳನ್ನು ಸವರಿ ನೋಡಿಕೊಂಡಳು. "ಇರಲಿ," ಎಂದಳು. "ಅವಗ, ನನ್ನ ಗಂಡಗ ಹೋತು."

ವರದಿಯಲ್ಲಿ ನಾನು ಬರೆದದ್ದು ಇಷ್ಟೆ: ಪೈಲುಗಳನ್ನು ಬಂಡೆಯೊಳಕ್ಕೆ ಕೊರೆದು ಕೂರಿಸಬೇಕು, ನೆಲಕ್ಕೂ ಕಟ್ಟಡಕ್ಕೂ ನಡುವೆ ಆಳೆತ್ತರ ಜಾಗ ಬಿಡಬೇಕು, ನಡುವಿನ ಮಣ್ಣು ಯಾವ ಭಾರವನ್ನೂ ಹೊರುವುದಿಲ್ಲವೆಂದೇ ಲೆಕ್ಕ ಹಿಡಿಯಬೇಕು. ಬರೆದೆ, ಸಹಿ ಹಾಕಿದೆ, ಆಮೇಲೆ ನಿದ್ದೆ ಕೆಟ್ಟೆ. ನಾನು ಅಳೆದದ್ದು ಒಂದು ಹೆಂಗಸಿನ ಹೆದರಿಕೆ. ನೂರು ಜನರದ್ದು ಒಟ್ಟಿಗೆ ಬಂದರೆ ಆ ಬಂಡೆ ಏನಾಗುತ್ತದೆ ಎಂದು ತಿಳಿಯಲು ನನ್ನ ಬಳಿ ಉಪಾಯವಿರಲಿಲ್ಲ. ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಸ್ಪತ್ರೆ ಎದ್ದಿತು. ಬಾಗಿಲು ತೆರೆಯುವ ದಿನ ನನ್ನನ್ನು ಕರೆದಿದ್ದರು. ಊರೆಲ್ಲ ಅಂಗಳದಲ್ಲಿ ಸೇರಿತ್ತು. ಅವತ್ತೇ ಗಾಣದವರ ಸೊಸೆಗೆ ಹೆರಿಗೆ ನೋವು ಬಂದು ಒಳಗೆ ಕರೆದುಕೊಂಡಿದ್ದರು. ಹೊಸದಾಗಿ ಬಂದ ಡಾಕ್ಟರಮ್ಮ ಅವಳಿಗೆ ಏನು ಹೇಳಿದಳೋ, ಬೇಕಾದಷ್ಟು ಕೂಗು ಅಂದಳೋ. ಅವಳು ಕೂಗಿದಳು. ಹೆರಿಗೆಯ ಕೂಗು ಎಂದರೇನೆಂದು ಆ ಊರು ಕೇಳಿರಲಿಲ್ಲ. ಹೆಂಗಸರು ಬಾಯಿಗೆ ಬಟ್ಟೆ ತುರುಕಿಕೊಂಡು ಹೆರುತ್ತಿದ್ದರು. ಅಂಗಳದ ಅಷ್ಟೂ ಮುಖಗಳು ಒಟ್ಟಿಗೆ ಬಣ್ಣಗೆಟ್ಟವು. ಮುಂದಿನ ಸಾಲಿನವರ ಕಾಲು ಹೂತಿತು.

ಅಪ್ಪಾಸಾಹೇಬರು ಏನಾಗಿಲ್ಲ ಎನ್ನಲಿಲ್ಲ. "ಮ್ಯಾಲೆ ಹತ್ತ್ರಿ!" ಎಂದು ಅರಚಿದರು. "ಎಲ್ಲಾರೂ ಮ್ಯಾಲೆ ಹತ್ತ್ರಿ!"

ಜನ ಆಸ್ಪತ್ರೆಯ ಮೆಟ್ಟಿಲಿಗೆ ಮುಗಿಬಿದ್ದರು. ಮಕ್ಕಳನ್ನು ಎತ್ತಿ ಎಸೆದರು, ಮುದುಕರನ್ನು ಎಳೆದುಕೊಂಡರು. ಕೊನೆಯವನನ್ನು ತೋಳು ಹಿಡಿದು ಎಳೆದಾಗ ಅವನ ಚಪ್ಪಲಿ ಕೆಸರಿನಲ್ಲಿ ಮುಳುಗಿತು. ಜಗುಲಿಯ ತುಂಬ ಊರಿಗೆ ಊರೇ ನಡುಗುತ್ತಾ ನಿಂತಿತು. ನಾನು ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ಇಣುಕಿದೆ. ಅಂಗಳವೆಲ್ಲ ಕುದಿಯುವ ಅಂಬಲಿಯಾಗಿತ್ತು. ಕಂಬಗಳ ಸುತ್ತ ಮಣ್ಣು ಸುಳಿಯುತ್ತಿತ್ತು. ಒಂದು ಕಂಬದ ಮೇಲೆ ಕೆಲಸದವರು ಎಳೆದಿದ್ದ ನೀಲಿ ಗೆರೆಯೊಂದಿತ್ತು, ಆಚೆ ದಿಬ್ಬದ ತುದಿಗೆ ಸಮಮಟ್ಟದಲ್ಲಿ. ಅದು ಕೂದಲಷ್ಟು ಕೆಳಗೆ ಬಂದರೂ ಗೊತ್ತಾಗುವಂತಿತ್ತು. ನಾನು ಕಣ್ಣು ಮಿಟುಕಿಸದೆ ಅದನ್ನೇ ನೋಡಿದೆ. ಒಳಗೆ ಅವಳು ಮತ್ತೆ ಕೂಗಿದಳು, ಮತ್ತೆ ಕೂಗಿದಳು. ನನ್ನ ಬೆನ್ನ ಹಿಂದೆ ಯಾರೋ ಬಿಕ್ಕಿದರು. ಗೆರೆ ಅಲ್ಲೇ ಇತ್ತು.

ಅಪ್ಪಾಸಾಹೇಬರು ಜಗುಲಿಯ ಕಂಬವೊಂದನ್ನು ಎರಡೂ ತೋಳಲ್ಲಿ ತಬ್ಬಿದ್ದರು. "ನನಗ ಹೆದರಿಕಿ ಆಗೇತ್ರಿ," ಎಂದರು, ಯಾರಿಗೂ ಅಲ್ಲದಂತೆ. ಹೇಳಿ ಕಾಲ ಕೆಳಗೆ ನೋಡಿಕೊಂಡರು. ಕಲ್ಲುಹಾಸು ಹಾಗೇ ಇತ್ತು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಭಾಳ ಹೆದರಿಕಿ ಆಗೇತಿ" ಎಂದರು. ಪಕ್ಕದವನು "ನನಗೂ ರೀ" ಎಂದ. ಅವನ ಹೆಂಡತಿ, "ನಂಗಂತೂ ಮದಿವಿ ಆದಾಗಿಂದ" ಎಂದಳು. ಯಾರೂ ನಗಲಿಲ್ಲ.

ಮಧ್ಯಾಹ್ನಕ್ಕೆ ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಅಂಗಳದ ನೆಲವೂ ಬಿಗಿದು, ನಡೆಯುವಷ್ಟು ಗಟ್ಟಿಯಾಯಿತು. ಆದರೂ ಜನ ಗುಂಪು ಗುಂಪಾಗಿ ಕೂತು, ತಮಗೆ ಯಾವ್ಯಾವಾಗ ಏನೇನಕ್ಕೆ ಹೆದರಿಕೆಯಾಗಿತ್ತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಸಂಜೆಯವರೆಗೂ ಯಾರೂ ಕೆಳಗಿಳಿಯಲಿಲ್ಲ.